ಬಾಸ್ಕೆಟ್‌ಬಾಲ್ ಶೂವಿನ ಚಿತ್ರ, 30 ಪ್ರತಿಗಳ ಆವೃತ್ತಿ: ಕಾಸರಗೋಡಿನ ಹವೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಹೆಸರಾಂತ ಬಾಸ್ಕೆಟ್‌ಬಾಲ್ ಶೂ ಒಂದನ್ನು ಎ3 ಕಾಗದದಲ್ಲಿ ನಿಜ ಅಳತೆಗೆ ಅಕ್ರಿಲಿಕ್ ಬಣ್ಣದಿಂದ ಬರೆದು, ಅದರಿಂದ 30 ಪ್ರತಿ ಮಾತ್ರ ಮುದ್ರಿಸಿ, ಸಂಖ್ಯೆ ಮತ್ತು ಸಹಿ ಹಾಕಿ ಕೊಳ್ಳುವವರ ಕೈಗೆ ಮುಟ್ಟಿಸುವವರೆಗಿನ ಕೆಲಸ ಇಲ್ಲಿದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದಂಥ ಊರುಗಳಲ್ಲಿ ಕೂತು ಮಾಡುವವರಿಗೆ ಎರಡು ಕಡೆ ಎಚ್ಚರ ಬೇಕು. ಶೂವಿನ ರಚನೆ ಅರ್ಥವಾಗದೆ ಬರೆದರೆ ಚಿತ್ರ ಜಾಹೀರಾತಿನ ನಕಲಿನಂತೆ ಚಪ್ಪಟೆಯಾಗುತ್ತದೆ. ತೇವಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಒಳ್ಳೆಯ ಚಿತ್ರವೂ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಯಾವ ಶೂ ಆರಿಸಬೇಕು

ಮೊದಲ ಚಿತ್ರಕ್ಕೆ, ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಹೆಸರಿನಲ್ಲಿ ನೈಕಿ ಕಂಪನಿ ತಂದ ಏರ್ ಜೋರ್ಡನ್ 1 ಎಲ್ಲಕ್ಕಿಂತ ಒಳ್ಳೆಯದು. ಪೀಟರ್ ಮೂರ್ ವಿನ್ಯಾಸದ ಈ ಶೂ 1985ರಲ್ಲಿ 65 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು. ಚರ್ಮದ ತುಂಡುಗಳು ಸ್ಪಷ್ಟವಾಗಿ ಬೇರೆಬೇರೆ ಕಾಣುತ್ತವೆ, ಬಣ್ಣ ಎರಡು ಮೂರೇ. ಶಿಕಾಗೋ ಎಂದು ಕರೆಯುವ ಬಣ್ಣಸಂಯೋಜನೆಯಲ್ಲಿ ಪಕ್ಕದ ತುಂಡು ಬಿಳಿ, ಸ್ವೂಶ್ ಎಂಬ ನೈಕಿಯ ಬಾಗಿದ ಗುರುತು ಕಪ್ಪು, ಹಿಮ್ಮಡಿ ಮತ್ತು ಅಡಿ ಕೆಂಪು. ಕೆಂಪು, ಕಪ್ಪು, ಬಿಳಿ ಮೂರನ್ನೂ ಒಂದೇ ಚಿತ್ರದಲ್ಲಿ ಪಳಗಿಸಬಹುದು.

ಆವೃತ್ತಿಯ ಜೊತೆ ಕೊಡುವ ಬರಹದಲ್ಲಿ ‘ಎನ್‌ಬಿಎ ನಿಷೇಧಿಸಿದ ಶೂ’ ಎಂದು ಹಾಕುವ ಆಸೆ ಹುಟ್ಟುವುದು ಸಹಜ. ಬೇಡ. ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್, ಆಕ್ಷೇಪಿಸಿದ್ದು ಜೋರ್ಡನ್ ಅದಕ್ಕೂ ಮೊದಲು ತೊಟ್ಟಿದ್ದ ಏರ್ ಶಿಪ್ ಶೂವಿಗೆ ಎಂಬುದು ಸಂಗ್ರಾಹಕರಲ್ಲಿ ಈಗ ಹೆಚ್ಚುಕಡಿಮೆ ಒಪ್ಪಿತವಾದ ಮಾತು. ವಿಷಯ ಬಲ್ಲವರು ಕೊಳ್ಳುವಾಗ ಇಂಥ ಒಂದು ತಪ್ಪು ಸಾಲು ಇಡೀ ಆವೃತ್ತಿಯ ಮೇಲಿನ ನಂಬಿಕೆ ಕಳೆಯುತ್ತದೆ.

ಬೇರೆ ಶೂಗಳ ಕಷ್ಟ ಸುಖ ಹೀಗೆ. ಬ್ರೂಸ್ ಕಿಲ್ಗೋರ್ ರೂಪಿಸಿದ 1982ರ ಏರ್ ಫೋರ್ಸ್ 1 ಪೂರ್ತಿ ಬಿಳಿ ಇರುವಾಗ ನೆರಳಿನಿಂದಲೇ ಆಕಾರ ಹುಟ್ಟಿಸಬೇಕು, ಅದು ಮೂರನೆಯ ನಾಲ್ಕನೆಯ ಚಿತ್ರಕ್ಕಿರಲಿ. ಅಡಿಡಾಸ್ ಸೂಪರ್‌ಸ್ಟಾರ್‌ನ ಮುಂದಿನ ರಬ್ಬರ್ ಚಿಪ್ಪಿನ ಗೆರೆಗಳು ಬೆರಳ ತುದಿಯ ಕಡೆಗೆ ಬಾಗುವುದನ್ನು ಸರಿಯಾಗಿ ಹಿಡಿಯಬೇಕು. ಕಾನ್ವರ್ಸ್ ಚಕ್ ಟೇಲರ್‌ನ ನಕ್ಷತ್ರದ ಬಿಲ್ಲೆ ಕಾಲಿನ ಒಳಬದಿಯಲ್ಲಿದೆ. ಹೊರಬದಿಯ ನೋಟ ಬರೆದು ಅಲ್ಲಿ ಬಿಲ್ಲೆ ಹಾಕಿದರೆ ಶೂ ಗೊತ್ತಿರುವ ಯಾರೂ ಕ್ಷಮಿಸುವುದಿಲ್ಲ. ಬಿಲ್ಲೆ ಬೇಕಿದ್ದರೆ ಒಳಬದಿಯನ್ನೇ ಬರೆಯಿರಿ.

ಎದುರಿಗೆ ನಿಜವಾದ ಶೂ ಇರಲಿ

ಇಂಟರ್‌ನೆಟ್‌ನ ಫೋಟೋ ನೋಡಿ ಬರೆಯಬೇಡಿ. ಆ ಫೋಟೋದ ಹಕ್ಕು ತೆಗೆದವರದ್ದು. 1984ರಲ್ಲಿ ಲೈಫ್ ಪತ್ರಿಕೆಗಾಗಿ ಜೋರ್ಡನ್ ಹಾರುತ್ತಿರುವ ಫೋಟೋ ತೆಗೆದ ಜೇಕಬಸ್ ರೆಂಟ್‌ಮೀಸ್ಟರ್, ಆ ಭಂಗಿಯನ್ನು ಹೋಲುವ ಜಂಪ್‌ಮ್ಯಾನ್ ಎಂಬ ಜೋರ್ಡನ್ ಶೂಗಳ ಗುರುತಿನ ವಿಷಯದಲ್ಲಿ 2015ರಲ್ಲಿ ನೈಕಿ ಮೇಲೆ ದಾವೆ ಹೂಡಿದರು. ಭಂಗಿಗೆ ಯಾರ ಹಕ್ಕೂ ಇಲ್ಲ ಎಂಬ ನೆಲೆಯಲ್ಲಿ ಅವರು ಸೋತರು, ಆದರೆ ವ್ಯಾಜ್ಯ 2019ರವರೆಗೆ ಎಳೆಯಿತು. ನೇರ ನಕಲಾದರೆ ಆ ರಕ್ಷಣೆಯೂ ಇಲ್ಲ. ಸ್ನೇಹಿತರಿಂದಲೋ ಊರಿನ ಆಟಗಾರರಿಂದಲೋ ಒಂದು ಶೂ ಎರಡು ವಾರಕ್ಕೆ ಕೇಳಿ ತಂದರೆ ಸಾಕು, ಒಂದೇ ಕಾಲಿನದು.

ಹಳೆಯ ಏರ್ ಜೋರ್ಡನ್ 3 ಅಥವಾ 4 ತಂದರೆ ಮೆಲ್ಲಗೆ ಹಿಡಿಯಿರಿ. ಅವುಗಳ ನಡುವಿನ ಅಟ್ಟೆ ಪಾಲಿಯುರೆಥೇನ್ ಎಂಬ ನೊರೆಪ್ಲಾಸ್ಟಿಕ್. ನಮ್ಮ ಹವೆಯಲ್ಲಿ ನೀರಿನ ಪಸೆ ಅದರೊಳಗೆ ಇಳಿದು ಬಂಧ ಬಿಡಿಸುತ್ತದೆ, ಪೆಟ್ಟಿಗೆಯಲ್ಲೇ ಇದ್ದ ಶೂ ಕೂಡ ಒತ್ತಿದಲ್ಲಿ ಪುಡಿಯಾಗುತ್ತದೆ. ಜೋರ್ಡನ್ 1ರ ಅಟ್ಟೆ ರಬ್ಬರಿನದು, ಆ ಭಯ ಇಲ್ಲ.

ಶೂವಿನೊಳಗೆ ದಿನಪತ್ರಿಕೆ ತುರುಕಿ ನಾಲಗೆ ಮತ್ತು ಕತ್ತಿನ ಪಟ್ಟಿ ನೆಟ್ಟಗೆ ನಿಲ್ಲಿಸಿ. ಉತ್ತರದ ಕಿಟಕಿಯ ಬೆಳಕು ಒಂದು ಬದಿಯಿಂದ, ಸ್ವಲ್ಪ ಮೇಲಿನಿಂದ ಬೀಳಲಿ. ಎದುರು ಬದಿಗೆ ಒಂದು ಥರ್ಮಾಕೋಲ್ ಹಾಳೆ ಇಟ್ಟರೆ ನೆರಳು ಪೂರ್ತಿ ಕಪ್ಪಾಗುವುದಿಲ್ಲ. ಫೋನಿನಲ್ಲಿ ಹತ್ತಿರ ಹೋಗಿ ತೆಗೆದರೆ ಶೂವಿನ ಮೂಗು ಉಬ್ಬಿ ಹಿಮ್ಮಡಿ ಕುಗ್ಗುತ್ತದೆ. 2.5 ಮೀಟರ್ ಹಿಂದೆ ನಿಂತು ಎರಡರಿಂದ ಮೂರು ಪಟ್ಟು ಝೂಮ್ ಮಾಡಿ, ಲೆನ್ಸ್ ಶೂವಿನ ಅರ್ಧ ಎತ್ತರಕ್ಕಿರಲಿ. ಆಮೇಲೆ ಉಕ್ಕಿನ ಸ್ಕೇಲಿನಿಂದ ಮೂರು ಅಳತೆ ಬರೆದಿಟ್ಟುಕೊಳ್ಳಿ: ಅಟ್ಟೆಯ ಪೂರ್ತಿ ಉದ್ದ, ಹಿಮ್ಮಡಿಯ ಎತ್ತರ, ಮುಂಭಾಗದ ಎತ್ತರ.

ಸಾಮಾನು

ಕಾಗದ 300 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ), ಪೂರ್ತಿ ಹತ್ತಿಯದು, ನುಣುಪು ಮೈ. ಎ3 ಎಂದರೆ 297×420 ಮಿಲಿಮೀಟರ್. ದೊಡ್ಡವರ ಶೂ ಸುಮಾರು 30 ಸೆಂಟಿಮೀಟರ್ ಉದ್ದ ಇರುವುದರಿಂದ ಎರಡೂ ಬದಿ ಸುಮಾರು 6 ಸೆಂಟಿಮೀಟರ್ ಉಳಿಯುತ್ತದೆ. ನಿಜ ಅಳತೆಗೆ ಬರೆಯುವ ದೊಡ್ಡ ಅನುಕೂಲ ಎಂದರೆ ಯಾವಾಗ ಬೇಕಾದರೂ ಸ್ಕೇಲ್ ಇಟ್ಟು ಶೂವಿಗೂ ಚಿತ್ರಕ್ಕೂ ತಾಳೆ ನೋಡಬಹುದು. ಎ3 ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಒಂದೇ ಸಲಕ್ಕೆ ಹಿಡಿಸುತ್ತದೆ ಕೂಡ.

12 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ, 40×55 ಸೆಂಟಿಮೀಟರ್. ಟೈಟಾನಿಯಂ ವೈಟ್ 120 ಮಿಲಿಲೀಟರ್ ಟ್ಯೂಬ್ ಒಂದು. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಯೆಲ್ಲೋ ಓಕರ್, ನ್ಯಾಫ್ತಾಲ್ ರೆಡ್, ಅಲಿಝರಿನ್ ಕ್ರಿಮ್ಸನ್, ಆರೆಂಜ್, ಮಾರ್ಸ್ ಬ್ಲ್ಯಾಕ್ ಸಣ್ಣ ಟ್ಯೂಬ್ ಸಾಕು. ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಅಸ್ತರು ಜೆಸ್ಸೋ, ಬಣ್ಣವಿಲ್ಲದ ಹೊಳಪಿಲ್ಲದ ಅಕ್ರಿಲಿಕ್ ಅಂಟು ಮ್ಯಾಟ್ ಮೀಡಿಯಂ. ಬ್ರಷ್: 12 ಮತ್ತು 6 ಮಿಲಿಮೀಟರ್ ಚಪ್ಪಟೆ, 4, 1 ಮತ್ತು 000 ಸಂಖ್ಯೆಯ ದುಂಡು, ಜೊತೆಗೆ ಕೂದಲು ಕೆದರಿದ ಒಂದು ಹಳೆಯ ಬ್ರಷ್. ಇಷ್ಟರ ಜೊತೆ ತೇವಾಂಶ ತೋರಿಸುವ ಸಣ್ಣ ಹೈಗ್ರೋಮೀಟರ್ ಒಂದನ್ನು ಖಂಡಿತ ಕೊಳ್ಳಿ. ಕರಾವಳಿಯಲ್ಲಿ ಅದು ಬ್ರಷ್‌ನಷ್ಟೇ ಮುಖ್ಯ.

ಗೆರೆ ಇಳಿಸುವುದು

ಹಲಗೆಗೆ ಕಾಗದವನ್ನು ನಾಲ್ಕೂ ಅಂಚಿಗೆ 5 ಮಿಲಿಮೀಟರ್ ಮಾತ್ರ ಹಿಡಿಯುವಂತೆ ಟೇಪ್ ಮಾಡಿ. ನಾಲ್ಕು ಪಾಲು ಜೆಸ್ಸೋಗೆ ಒಂದು ಪಾಲು ನೀರು ಸೇರಿಸಿ ಒಂದು ತೆಳು ಕೋಟ್ ಕೊಡಿ. ಪೂರ್ತಿ ಒಣಗಿದ ಮೇಲೆ 400 ನಂಬರಿನ ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ.

ಫೋಟೋವನ್ನು ಕಂಪ್ಯೂಟರಿನಲ್ಲಿ ಅಟ್ಟೆಯ ನಿಜ ಉದ್ದಕ್ಕೆ ಹೊಂದಿಸಿ ಡಿಟಿಪಿ ಅಂಗಡಿಯಲ್ಲಿ ಎ3 ಲೇಸರ್ ಪ್ರಿಂಟ್ ತೆಗೆಸಿ. ಉದ್ದ ಸರಿ ಇದ್ದೂ ಎತ್ತರ 3 ಮಿಲಿಮೀಟರಿಗಿಂತ ಹೆಚ್ಚು ತಪ್ಪಿದರೆ ಕ್ಯಾಮೆರಾ ಓರೆಯಾಗಿತ್ತು ಎಂದರ್ಥ, ಮತ್ತೆ ತೆಗೆಯಿರಿ. ಪ್ರಿಂಟಿನ ಹಿಂಬದಿಗೆ 4ಬಿ ಪೆನ್ಸಿಲ್ ಸವರಿ, ಜೆಸ್ಸೋ ಮೇಲಿಟ್ಟು, ಇಂಕ್ ಮುಗಿದ ಬಾಲ್‌ಪೆನ್ನಿನಿಂದ ಗೆರೆಗಳ ಮೇಲೆ ಒತ್ತಿ. ಬಿಲ್ ಪುಸ್ತಕದ ಕಾರ್ಬನ್ ಕಾಗದ ಮಾತ್ರ ಬೇಡ. ಅದರ ಮೇಣದ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ, ಬಣ್ಣ ಬಿಳಿಯ ಅಡಿಯಿಂದ ಮೇಲೆ ಒಸರುತ್ತದೆ.

ಗೆರೆ ಇಳಿದ ಮೇಲೆ ಫೋಟೋ ಬದಿಗಿಟ್ಟು ಶೂವನ್ನೇ ನೋಡಿ ತಿದ್ದಬೇಕು. ಯಾವ ತುಂಡು ಯಾವುದರ ಕೆಳಗೆ ಹೋಗಿದೆ? ಸ್ವೂಶ್‌ನ ಎರಡು ತುದಿಗಳು ಎಲ್ಲಿ ಹೊಲಿಗೆಯೊಳಗೆ ಸೇರುತ್ತವೆ? ಅಟ್ಟೆಯ ಮುಂಭಾಗ ನೆಲದಿಂದ ಎಷ್ಟು ಎದ್ದಿದೆ? ಈ ಕೊನೆಯದು ಬಿಟ್ಟುಹೋದರೆ ಶೂ ಇಸ್ತ್ರಿಪೆಟ್ಟಿಗೆಯಂತೆ ನೆಲಕ್ಕೆ ಅಂಟಿ ಕೂರುತ್ತದೆ. ಎತ್ತರದ ಜೋರ್ಡನ್ 1ರಲ್ಲಿ ಒಂದು ಬದಿಗೆ ಒಂಬತ್ತು ಲೇಸ್ ತೂತು. ಎಣಿಸಿ ಹಾಕಿ.

ಬಣ್ಣ

ಹಿನ್ನೆಲೆ ಮೊದಲು. ಶೂವಿನ ಗೆರೆಯ ಒಳಗೆ ಎರಡು ಮಿಲಿಮೀಟರ್ ನುಗ್ಗುವಂತೆ ಬಳಿದರೆ ಆಮೇಲೆ ಶೂವಿನ ಬಣ್ಣವೇ ಅಂಚನ್ನು ಕತ್ತರಿಸುತ್ತದೆ. ನಮ್ಮ ಕಡೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆಯನ್ನು ಹಿಂದೆ ಹಾಕುವ ಯೋಚನೆ ಹಲವರಿಗೆ ಬರುತ್ತದೆ. ಬಿಳಿ ಅಥವಾ ನೀಲಿ ಶೂವಿಗೆ ಚೆನ್ನ, ಕೆಂಪು ಶೂವಿಗೆ ಅಲ್ಲ. ಕಲ್ಲಿನ ಕೆಂಪೂ ಶೂವಿನ ಕೆಂಪೂ ಒಂದೇ ಗಾಢತೆಯವಾದ್ದರಿಂದ ಹಿಮ್ಮಡಿಯ ಗೆರೆಯೇ ಕಳೆದುಹೋಗುತ್ತದೆ. ಕೆಂಪು ಶೂವಿನ ಹಿಂದೆ ಸುಣ್ಣ ಬಳಿದು ಹಳೆಯದಾದ ಗೋಡೆಯ ಬಣ್ಣ ಹಾಕಿ: ಬಿಳಿ 15 ಪಾಲು, ಓಕರ್ 1 ಪಾಲು, ಅಲ್ಟ್ರಾಮರೀನ್ ಬ್ರಷ್ ತುದಿಯಷ್ಟು.

ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಹಸಿಯಾಗಿದ್ದಾಗ ಅದರ ಅಂಟು ಹಾಲಿನ ಬಣ್ಣ, ಒಣಗಿದರೆ ಪಾರದರ್ಶಕ, ಕಾರಣ ಅಷ್ಟೆ. ಆದ್ದರಿಂದ ಪ್ರತಿ ಮಿಶ್ರಣವನ್ನೂ ಮೊದಲು ಕಾಗದದ ತುಂಡಿಗೆ ಬಳಿದು ಒಣಗಿಸಿ ನೋಡಿ.

ಬಿಳಿ ಚರ್ಮದ ನೆರಳಿಗೆ ಕಪ್ಪು ಬೆರೆಸಿದರೆ ಸಿಮೆಂಟಿನ ಬಣ್ಣ ಬರುತ್ತದೆ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಸಮಪಾಲು ಕಲಸಿ, ಅದರಿಂದ ಒಂದು ಪಾಲಿಗೆ ಬಿಳಿ 12 ಪಾಲು ಸೇರಿಸಿ. ಕಿಟಕಿಯ ಬದಿಗೆ ನೀಲಿ ತುಸು ಹೆಚ್ಚು, ನೆಲದ ಬದಿಗೆ ಸಿಯೆನ್ನಾ ತುಸು ಹೆಚ್ಚು. ಅಪ್ಪಟ ಬಿಳಿಯನ್ನು ಕೊನೆಯ ಹತ್ತಿಪ್ಪತ್ತು ಮಿನುಗುಗಳಿಗೆಂದು ಎತ್ತಿಡಿ.

ಕೆಂಪಿಗೆ ನ್ಯಾಫ್ತಾಲ್ ರೆಡ್ 6, ಅಲಿಝರಿನ್ 1. ನೆರಳಿಗೆ ಅಲಿಝರಿನ್ ಜೊತೆ ಬರ್ನ್ಟ್ ಅಂಬರ್. ಬೆಳಕಿನ ಜಾಗಕ್ಕೆ ಬಿಳಿ ಸುರಿದರೆ ಗುಲಾಬಿ ಆಗುತ್ತದೆ, ಮೊದಲು ಆರೆಂಜ್ ಸೇರಿಸಿ, ಆಮೇಲೆ ಕಣ್ಣಿಗೆ ಕಾಣದಷ್ಟು ಬಿಳಿ. ಕೆಂಪು ತೆಳು ಬಣ್ಣ, ಜೆಸ್ಸೋ ಮೇಲೆ ಮೂರು ಕೋಟ್ ಬೇಕಾದೀತು. ಕಪ್ಪನ್ನು ಟ್ಯೂಬಿನಿಂದ ನೇರವಾಗಿ ಹಾಕಬೇಡಿ. ಮಾರ್ಸ್ ಬ್ಲ್ಯಾಕಿಗೆ ಅಲ್ಟ್ರಾಮರೀನ್ ಮತ್ತು ಸ್ವಲ್ಪ ಬಿಳಿ ಬೆರೆಸಿ ಒಂದು ಮೆಟ್ಟಿಲು ಮೇಲೆ ಇಟ್ಟರೆ ಮಾತ್ರ ಕಪ್ಪು ಚರ್ಮದ ಮೇಲೂ ನೆರಳು ತೋರಿಸಲು ಜಾಗ ಉಳಿಯುತ್ತದೆ.

ಮೊದಲು ಎಲ್ಲ ತುಂಡುಗಳಿಗೂ ಬೆಳಕು, ನಡು, ನೆರಳು ಎಂಬ ಮೂರೇ ಛಾಯೆ ಹಾಕಿ ಎರಡು ಮೀಟರ್ ದೂರ ನಿಂತು ನೋಡಿ. ಅಲ್ಲಿಂದಲೇ ಶೂ ದುಂಡಗೆ ಕಂಡರೆ ಮುಂದುವರಿಯಿರಿ. ಕಾಣದಿದ್ದರೆ ಹೊಲಿಗೆ ಎಷ್ಟು ಚೆಂದ ಹಾಕಿದರೂ ಪ್ರಯೋಜನ ಇಲ್ಲ.

ಚಿತ್ರ ಶೂವಾಗುವುದು ಚರ್ಮದ ದಪ್ಪದಲ್ಲಿ. ಒಂದು ತುಂಡು ಇನ್ನೊಂದರ ಮೇಲೆ ಕೂತಲ್ಲೆಲ್ಲ ಒಂದೂವರೆ ಮಿಲಿಮೀಟರಿನಷ್ಟು ಕತ್ತರಿಸಿದ ಅಂಚು ಕಾಣುತ್ತದೆ. ಮೇಲಂಚಿಗೆ ಕೂದಲೆಳೆಯ ಬೆಳಕಿನ ಗೆರೆ, ಕೆಳಗಿನ ತುಂಡಿನ ಮೇಲೆ ಬೀಳುವ ಸಣ್ಣ ನೆರಳು, ಇವೆರಡನ್ನೂ ಎಲ್ಲ ಕಡೆ ಒಂದೇ ದಪ್ಪಕ್ಕೆ ಹಾಕದೆ ಬೆಳಕಿಗೆ ಎದುರಾದಲ್ಲಿ ದಪ್ಪ, ತಿರುಗಿದಲ್ಲಿ ಸಣ್ಣ ಮಾಡಿ. ಹೊಲಿಗೆ ಎಂದರೆ ಬಿಳಿ ಚುಕ್ಕಿಯ ಸಾಲು ಅಲ್ಲ, ದಾರ ಒಂದು ತಗ್ಗಿನಲ್ಲಿ ಕೂತಿರುತ್ತದೆ. ಮೊದಲು 000 ಬ್ರಷ್‌ನಲ್ಲಿ ತಗ್ಗಿನ ಗಾಢ ಗೆರೆ, ಒಣಗಿದ ಮೇಲೆ ಅದರೊಳಗೆ ದಾರದ ಒಂದೊಂದೇ ಹೊಲಿಗೆ. ಒಂದು ಸೆಂಟಿಮೀಟರಿಗೆ ಎಷ್ಟು ಹೊಲಿಗೆ ಎಂದು ಶೂವಿನಲ್ಲೇ ಎಣಿಸಿ. ಮೂಗಿನ ಗಾಳಿತೂತುಗಳು ಬಾಗಿದ ಮೈಮೇಲೆ ಇರುವುದರಿಂದ ಪಕ್ಕದ ನೋಟದಲ್ಲಿ ಮೊಟ್ಟೆಯಾಕಾರ. ಬೆಳಕು ಮೇಲಿನಿಂದ ಬಂದರೆ ತೂತಿನ ಮೇಲಂಚು ಗಾಢ, ಕೆಳಗಿನ ಒಳಅಂಚಿಗೆ ಮಾತ್ರ ತಿಳಿ ಚಂದ್ರರೇಖೆ. ಇದು ತಿರುಗುಮುರುಗಾದರೆ ತೂತು ಹೋಗಿ ಗುಳ್ಳೆಯಾಗಿ ಕಾಣುತ್ತದೆ.

ಅಟ್ಟೆಯ ಬಿಳಿ ಚರ್ಮದ ಬಿಳಿಯಂತಲ್ಲ. ಬಿಳಿ 20ಕ್ಕೆ ಓಕರ್ 1 ಸೇರಿಸಿ, ಕೆಳ ಅರ್ಧಕ್ಕೆ ನೆಲದ ಬಣ್ಣವನ್ನೇ ತೆಳುವಾಗಿ ಎಳೆಯಿರಿ. ನೆಲದ ನೆರಳು ಹಿಮ್ಮಡಿ ಮತ್ತು ಪಾದದ ಉಬ್ಬು ತಾಗುವ ಜಾಗದಲ್ಲಿ ಅತಿ ಗಾಢ, ಎದ್ದ ಮೂಗಿನ ಕೆಳಗೆ ಮಸುಕು.

ಆಡಿದ ಶೂ ಬರೆಯುವುದಿದ್ದರೆ ಇಲ್ಲಿಯ ಕೆಂಪು ಮಣ್ಣು ಒಂದು ವರ. ಬರ್ನ್ಟ್ ಸಿಯೆನ್ನಾ 1, ಓಕರ್ 1, ಮ್ಯಾಟ್ ಮೀಡಿಯಂ 16 ಪಾಲು ಕಲಸಿ, ಅಟ್ಟೆಯ ಗೀರುಗಳಲ್ಲಿ ಮತ್ತು ಅಟ್ಟೆ ಚರ್ಮ ಸೇರುವ ಗೆರೆಯಲ್ಲಿ ಬಳಿದು, ಅರೆ ಒಣಗುವ ಮೊದಲು ಒದ್ದೆ ಬಟ್ಟೆಯಿಂದ ಉಬ್ಬಿದ ಭಾಗವನ್ನು ಒರೆಸಿಬಿಡಿ. ಮಣ್ಣು ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ, ನಿಜವಾದ ಶೂವಿನಲ್ಲೂ ಹಾಗೆಯೇ. ಅಕ್ಷರ, ಗುರುತು, ಕತ್ತಿನ ಪಟ್ಟಿಯ ಮೇಲಿನ ರೆಕ್ಕೆಯ ಚಿತ್ರ ಇದಕ್ಕೂ ಮೊದಲೇ ಮುಗಿದಿರಬೇಕು.

ಬೇರೆ ಮೈಗಳ ಬಗ್ಗೆ ಚುಟುಕಾಗಿ: ಬಾಸ್ಕೆಟ್‌ಬಾಲ್ ಆಟಗಾರ ವಾಲ್ಟ್ ಫ್ರೇಝಿಯರ್‌ಗಾಗಿ 1973ರಲ್ಲಿ ಬಂದ ಪ್ಯೂಮಾ ಕ್ಲೈಡ್‌ನ ಸ್ಯೂಡ್‌ಗೆ (ನವಿರೆದ್ದ ಚರ್ಮ) ಮಿನುಗು ಇಲ್ಲ, ಕೆದರಿದ ಬ್ರಷ್‌ನಿಂದ ಒಣಬಣ್ಣ ಕುಟ್ಟಿ ನವಿರು ತೋರಿಸಿ. 1995ರ ಏರ್ ಜೋರ್ಡನ್ 11ರ ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಲೆದರ್‌ಗೆ ತದ್ವಿರುದ್ಧ, ಕಿಟಕಿಯ ಪ್ರತಿಬಿಂಬವನ್ನು ಗಟ್ಟಿ ಅಂಚಿನಿಂದ ಬರೆಯಬೇಕು. ವಿನ್ಯಾಸಕಾರ ಟಿಂಕರ್ ಹ್ಯಾಟ್‌ಫೀಲ್ಡ್ 1988ರ ಜೋರ್ಡನ್ 3ಕ್ಕೆ ತಂದ ಆನೆಚರ್ಮದ ವಿನ್ಯಾಸದಲ್ಲಿ ಗೆರೆಗಳ ದಪ್ಪ ಒಂದೇ ಸಮ ಇರುವುದಿಲ್ಲ, ಅದನ್ನು ಮಾದರಿಯಂತೆ ಪುನರಾವರ್ತಿಸಿದರೆ ಬಟ್ಟೆಯ ಪ್ರಿಂಟಿನಂತಾಗುತ್ತದೆ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಗಾಲ) ಕೆಲಸ ಮಾಡುವುದಾದರೆ

ಜನವರಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಒಣಗುವ ಕೋಟ್ ಜುಲೈಯಲ್ಲಿ ಒಂದು ಗಂಟೆ ಮೀರಬಹುದು. ಮೇಲ್ಮೈ ಒಣಗಿ ಅಡಿ ಹಸಿ ಇದ್ದಾಗ ಎರಡನೆಯ ಕೋಟ್ ಎಳೆದರೆ ಮೊದಲಿನದು ಬ್ರಷ್ ಜೊತೆ ಎದ್ದು ಬರುತ್ತದೆ. ಫ್ಯಾನ್ ಸಾಕು. ಹೇರ್ ಡ್ರೈಯರ್ ಹತ್ತಿರ ಹಿಡಿದರೆ ಮೇಲೆ ಪೊರೆ ಕಟ್ಟಿ ಒಳಗಿನ ನೀರು ಸಿಕ್ಕಿಬೀಳುತ್ತದೆ. ಟೇಪ್ ರಾತ್ರಿಯಿಡೀ ಬಿಟ್ಟರೆ ಅಂಟು ಕಾಗದಕ್ಕೆ ಇಳಿಯುತ್ತದೆ, ಚಿತ್ರದ ಮಧ್ಯೆ ಹಾಕಿದ ಟೇಪನ್ನು ಅದೇ ದಿನ 45 ಡಿಗ್ರಿ ಓರೆಯಲ್ಲಿ ನಿಧಾನ ಎಳೆಯಿರಿ. ಟೇಪಿನ ಅಂಚಿಗೆ ಮೊದಲು ಮ್ಯಾಟ್ ಮೀಡಿಯಂ ಸವರಿದರೆ ಬಣ್ಣ ಒಳನುಗ್ಗುವುದಿಲ್ಲ.

ವಾರ್ನಿಶ್ ಹಾಕುವುದಿದ್ದರೆ ಸ್ಕ್ಯಾನ್ ಮುಗಿದ ಮೇಲೆ, ತೇವಾಂಶ 70 ಶೇಕಡಕ್ಕಿಂತ ಕಡಿಮೆ ಇರುವ ದಿನ. ಮಳೆ ಹುಯ್ಯುವಾಗ ಸ್ಪ್ರೇ ಮಾಡಿದರೆ ಗಾಳಿಯ ನೀರು ಪೊರೆಯಲ್ಲಿ ಸಿಕ್ಕಿ ಕಪ್ಪು ಚರ್ಮದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಕಪ್ಪು ಶೂವಿಗೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ. ಮಳೆಗಾಲದಲ್ಲಿ ಬರೆಯಿರಿ, ವಾರ್ನಿಶನ್ನು ಡಿಸೆಂಬರಿಗೆ ಮುಂದೂಡಿ.

ಸ್ಕ್ಯಾನ್ ಮತ್ತು ಮುದ್ರಣ

600 ಡಿಪಿಐಯಲ್ಲಿ, 16 ಬಿಟ್ ಟಿಫ್ ಫೈಲ್ ಆಗಿ ಸ್ಕ್ಯಾನ್ ಮಾಡಿಸಿ. ಸ್ಕ್ಯಾನರಿನ ಸ್ವಯಂ ತಿದ್ದುಪಡಿ, ಶಾರ್ಪನಿಂಗ್ ಎಲ್ಲ ಆಫ್ ಇರಲಿ. ಎ3ಗೆ ಸುಮಾರು 7016×9921 ಪಿಕ್ಸೆಲ್ ಸಿಗುತ್ತದೆ. ಅದೇ ಅಳತೆಯ ಮುದ್ರಣಕ್ಕೆ 300 ಡಿಪಿಐ ಸಾಕು, ಉಳಿದದ್ದು ಧೂಳು ಮತ್ತು ಕೂದಲು ತೆಗೆಯುವಾಗ ಅನುಕೂಲ.

ಫ್ಲೆಕ್ಸ್ ಅಂಗಡಿಯ ಯಂತ್ರ, ಕಲರ್ ಲೇಸರ್ ಎರಡೂ ಈ ಕೆಲಸಕ್ಕಲ್ಲ. ಬಣ್ಣದ ಕಣಗಳಿರುವ, ಬೇಗ ಮಾಸದ ಪಿಗ್ಮೆಂಟ್ ಇಂಕ್ ಬಳಸುವ, ಎಂಟಕ್ಕೆ ಕಡಿಮೆಯಿಲ್ಲದ ಬಣ್ಣದ ಇಂಕ್‌ಜೆಟ್ ಬೇಕು. ಹತ್ತಿರ ಸಿಗದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ಫೈಲ್ ಕಳಿಸಿ. ಮೂರು ಪ್ರಶ್ನೆ ಕೇಳಿ: ಇಂಕ್ ಪಿಗ್ಮೆಂಟೋ ಡೈಯೋ, ಕಾಗದ ಆಮ್ಲರಹಿತ ಹತ್ತಿಯದೋ, ಆ ಕಾಗದಕ್ಕೆ ಐಸಿಸಿ ಪ್ರೊಫೈಲ್ (ಬಣ್ಣ ಹೊಂದಿಸುವ ಫೈಲ್) ಉಂಟೋ. ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ. ಶೂವಿನ ಕೆಂಪು ಮುದ್ರಣದಲ್ಲಿ ಮಂಕಾಗುವುದು ಸಾಮಾನ್ಯ, ಏಕೆಂದರೆ ನಾಲ್ಕು ಬಣ್ಣದ ಮುದ್ರಣದ ಮಿತಿಯ ಹೊರಗೆ ಅದು ನಿಲ್ಲುತ್ತದೆ. ಕೆಂಪು, ಕಪ್ಪು, ಬಿಳಿ ಮೂರೂ ಬರುವ 10 ಸೆಂಟಿಮೀಟರ್ ಪಟ್ಟಿಯೊಂದನ್ನು ಮೊದಲು ತೆಗೆಸಿ, ಮೂಲಚಿತ್ರದ ಪಕ್ಕ ಇಟ್ಟು ಹಗಲು ಬೆಳಕಿನಲ್ಲೂ ಮನೆಯ ಎಲ್‌ಇಡಿ ಬೆಳಕಿನಲ್ಲೂ ನೋಡಿ. ಒಂದರಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದಿದ್ದರೆ ಹಗಲು ಬೆಳಕನ್ನೇ ಪ್ರಮಾಣ ಮಾಡಿಕೊಳ್ಳಿ.

ಸಂಖ್ಯೆ, ಸಹಿ, ಲೆಕ್ಕ

ಆವೃತ್ತಿಯ ಸಂಖ್ಯೆಯನ್ನು ಮುದ್ರಣಕ್ಕೆ ಮೊದಲೇ ನಿರ್ಧರಿಸಿ, ಆಮೇಲೆ ಯಾವ ಕಾರಣಕ್ಕೂ ಏರಿಸಬೇಡಿ. ಬೇಡಿಕೆ ಬಂತೆಂದು 31ನೆಯದನ್ನು ತೆಗೆದರೆ ಮೊದಲ 30 ಜನರಿಗೆ ಮೋಸ. ಲೇಸಿನ ಬಣ್ಣ ಬದಲಿಸಿ ‘ಹೊಸ ಆವೃತ್ತಿ’ ಎಂದು ಅದೇ ಚಿತ್ರ ಮಾರುವುದೂ ಅದೇ ಜಾತಿಯದು. ಬೇರೆ ಅಳತೆಯ ಆವೃತ್ತಿ ತರುವ ಉದ್ದೇಶ ಇದ್ದರೆ ಮೊದಲ ಪ್ರತಿ ಮಾರುವ ದಿನವೇ ಹೇಳಿಬಿಡಿ.

30 ಪ್ರತಿ, ಕಲಾವಿದರ ಪ್ರತಿ 3, ಒಪ್ಪಿಗೆಯ ಮಾದರಿ ಪ್ರತಿ 1, ಹಾಳಾಗಬಹುದಾದ 2: ಒಟ್ಟು 36 ಹಾಳೆ. ಸಾಧ್ಯವಾದರೆ ಒಂದೇ ದಿನ, ಒಂದೇ ಕಾಗದದ ಕಟ್ಟಿನಿಂದ ತೆಗೆಸಿ. ಹಾಳಾದದ್ದನ್ನು ಹರಿದು ಪುಸ್ತಕದಲ್ಲಿ ದಾಖಲಿಸಿ. ಮುದ್ರಣದಂಗಡಿಯಲ್ಲಿ ಉಳಿದ ಫೈಲನ್ನು ಎದುರೇ ಅಳಿಸಿ.

ಚಿತ್ರದ ಕೆಳಗಿನ ಖಾಲಿ ಪಟ್ಟಿಯಲ್ಲಿ ಎಡಕ್ಕೆ 7/30, ನಡುವೆ ಹೆಸರು, ಬಲಕ್ಕೆ ಸಹಿ ಮತ್ತು ವರ್ಷ, ಎಚ್‌ಬಿ ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಹಬ್ಬುತ್ತದೆ, ಮಾಸುತ್ತದೆ. ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ೭/೩೦ ಎಂದು ಬರೆಯುವುದು ಬಹಳ ಚೆಂದ, ಹಾಗೆ ಮಾಡಿದರೆ ಪ್ರಮಾಣಪತ್ರದಲ್ಲಿ ಎರಡೂ ಬಗೆಯ ಅಂಕಿ ಇರಲಿ. ಪ್ರಮಾಣಪತ್ರದಲ್ಲಿ ಚಿತ್ರದ ಹೆಸರು, ಅಳತೆ, ಕಾಗದ, ಇಂಕ್, ಮುದ್ರಣದ ತಿಂಗಳು, ಒಟ್ಟು ಸಂಖ್ಯೆ, ಕಲಾವಿದರ ಪ್ರತಿಗಳ ಸಂಖ್ಯೆ ಕಡ್ಡಾಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರತಿ ಮಾರಿದ ಮಾತ್ರಕ್ಕೆ ಹಕ್ಕು ಕೈಬದಲಾಗುವುದಿಲ್ಲ ಎಂಬ ಸಾಲೂ ಇರಲಿ.

ಗುರುತುಗಳ ಮಾತು ಬೇರೆ. ಸ್ವೂಶ್, ಮೂರು ಪಟ್ಟಿ, ಜಂಪ್‌ಮ್ಯಾನ್ ನೋಂದಾಯಿತ ಟ್ರೇಡ್‌ಮಾರ್ಕ್‌ಗಳು, 1999ರ ಟ್ರೇಡ್‌ಮಾರ್ಕ್ ಕಾಯ್ದೆ ಅನ್ವಯಿಸುತ್ತದೆ. ‘ಅಧಿಕೃತ’ ಎಂಬ ಪದ ಎಲ್ಲೂ ಬೇಡ, ಕಂಪನಿಯ ಹೆಸರನ್ನು ಚಿತ್ರದ ಶೀರ್ಷಿಕೆ ಮಾಡಬೇಡಿ, ಅದೇ ಚಿತ್ರವನ್ನು ಟೀಶರ್ಟು, ಮಗ್ಗುಗಳಿಗೆ ಇಳಿಸಬೇಡಿ. ಇಷ್ಟು ಮಾಡಿದರೂ ಅಪಾಯ ಪೂರ್ತಿ ತಪ್ಪುವುದಿಲ್ಲ, ಮಾರುವ ಮೊದಲು ವಕೀಲರೊಬ್ಬರನ್ನು ಕೇಳುವುದು ಕ್ಷೇಮ. ಗುರುತು ಕಾಣದ ಕೋನ ಆರಿಸಿ, ಹಿಮ್ಮಡಿ, ಲೇಸು, ಅಟ್ಟೆಯ ಅಡಿ ಇಷ್ಟನ್ನೇ ಬರೆಯುವುದೂ ಒಂದು ದಾರಿ, ಚಿತ್ರವೂ ಎಷ್ಟೋ ಸಲ ಹೆಚ್ಚು ಚೆನ್ನಾಗಿ ಬರುತ್ತದೆ.

ಇಡುವುದು, ಕಳಿಸುವುದು, ಫ್ರೇಮ್ ಹಾಕುವುದು

ಪ್ರತಿಗಳ ನಡುವೆ ಗ್ಲಾಸೀನ್ ಎಂಬ ಆಮ್ಲರಹಿತ, ತೆಳು ನುಣುಪು ಕಾಗದ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ 200 ಗ್ರಾಂ. ಜೆಲ್ ಬಣ್ಣ ತಿರುಗಿದರೆ ಹುರಿದು ಮತ್ತೆ ಹಾಕಿ. ಮರದ ಕಪಾಟಿನ ಅಡಿ ಅರೆಯಲ್ಲಿ ಇಟ್ಟರೆ ಒರಲೆ ಹಿಡಿಯುವ ಭಯ, ಮೇಲಿನ ಅರೆ ಲೇಸು. ಅಂಚೆಗೆ ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಳಿಸಿ. ಕೊಳವೆ ಅನಿವಾರ್ಯವಾದರೆ ವ್ಯಾಸ 10 ಸೆಂಟಿಮೀಟರಿಗೆ ಕಡಿಮೆ ಬೇಡ, ಸಪೂರ ಕೊಳವೆಯಲ್ಲಿ ದಪ್ಪ ಹತ್ತಿಯ ಕಾಗದದ ಇಂಕ್ ಪದರ ಬಿರಿಯುತ್ತದೆ.

ಫ್ರೇಮ್ ಹಾಕುವವರಿಗೆ ಒಂದು ಚೀಟಿಯನ್ನೂ ಜೊತೆಗಿಡಿ: ಗಾಜು ಮುದ್ರಣಕ್ಕೆ ತಾಗಬಾರದು, ನಡುವೆ 3 ಮಿಲಿಮೀಟರ್ ಅಂತರ ಬೇಕು, ಇಲ್ಲದಿದ್ದರೆ ಗಾಜಿನ ಒಳಮೈಯ ನೀರಿಗೆ ಇಂಕ್ ಅಂಟಿಕೊಳ್ಳುತ್ತದೆ. ಹಿಂಬದಿಗೆ ಹಾರ್ಡ್‌ಬೋರ್ಡ್ ನೇರವಾಗಿ ಬೇಡ, ಆಮ್ಲರಹಿತ ಮೌಂಟ್‌ಬೋರ್ಡ್ ನಡುವೆ ಇರಲಿ. ಮುರಕಲ್ಲಿನ ಹೊರಗೋಡೆ ಮಳೆಗಾಲದಲ್ಲಿ ಪಸೆ ಹೀರುತ್ತದೆ, ಆದ್ದರಿಂದ ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಒಂದು ಸೆಂಟಿಮೀಟರಿನ ರಬ್ಬರ್ ಗುಂಡಿ ಅಂಟಿಸಿ ಗಾಳಿ ಓಡಾಡಲು ಬಿಡಿ, ಸಾಧ್ಯವಿದ್ದರೆ ಒಳಗೋಡೆಗೇ ತೂಗುಹಾಕಿ.